ಹರಿದ ಚಿತ್ರ ಬರಲಿ, ಹಳೇ ಚಿತ್ರ ಬೇಡ: ಡ್ರೋನಿನಿಂದ ನೆಲಕ್ಕೆ ಲೈವ್ ವಿಡಿಯೊ

ನಾನು ಮೂಲತಃ ಗದಗ ಜಿಲ್ಲೆಯವನು. ಎಂಟೆಕ್ ಓದಿದ್ದು ಸುರತ್ಕಲ್‌ನ ಎನ್‌ಐಟಿಕೆಯಲ್ಲಿ, ಕೆಲಸ ಸಿಕ್ಕಿದ್ದು ಸೂರತ್‌ನಲ್ಲಿ. 'ಕಲ್' ಒಂದನ್ನ ಅಲ್ಲೇ ಬಿಟ್ಟು ಬಂದ ಅಂತ ಗೆಳೆಯರು ತಮಾಷೆ ಮಾಡ್ತಾರೆ. ಚಳಿಗಾಲದಲ್ಲಿ ಇಲ್ಲಿ ತಾಪಿ ನದಿ ಹತ್ತಿರ ಪೋಂಕ್ ಅಂತ ಎಳೇ ಜೋಳದ ಕಾಳು ಮಾರ್ತಾರೆ. ಬಾಯಿಗೆ ಹಾಕಿಕೊಂಡರೆ ಥೇಟ್ ನಮ್ಮ ಸೀತನಿ. ಹಾಗಾಗಿ ಆರು ವರ್ಷದಲ್ಲಿ ಊರು ಅಷ್ಟೇನೂ ದೂರ ಅನ್ನಿಸಿಲ್ಲ.

ನಾನಿರೋದು ಡ್ರೋನ್ ತಯಾರಿಸೋ ಒಂದು ಸಣ್ಣ ಕಂಪನಿಯಲ್ಲಿ. ನನ್ನ ಪಾಲಿನ ಕೆಲಸ ಒಂದೇ: ಮೇಲಿರೋ ಕ್ಯಾಮೆರಾ ಕಂಡಿದ್ದನ್ನ ಕೆಳಗಿರೋ ಗ್ರೌಂಡ್ ಸ್ಟೇಷನ್ನಿನ ಪರದೆಗೆ ತಲುಪಿಸೋದು. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಸೂರತ್ತಿಗೆ ಈ ವಿಡಿಯೊ ಯಾಕೆ ಬೇಕು ಅಂತ ಮೊದಲು ಹೇಳಿಬಿಡ್ತೀನಿ. 2006ರ ಆಗಸ್ಟಿನಲ್ಲಿ ಮೇಲಿನ ಉಕಾಯಿ ಜಲಾಶಯದಿಂದ ಬಿಟ್ಟ ನೀರು ತಾಪಿಯಲ್ಲಿ ಉಕ್ಕಿ ಬಂದು ನಗರದ ಬಹುಭಾಗ ಮುಳುಗಿತ್ತು. ಇಲ್ಲಿನ ಹಿರಿಯರು ಈಗಲೂ ಗೋಡೆ ತೋರಿಸಿ, ನೀರು ಇಲ್ಲಿವರೆಗೆ ಬಂದಿತ್ತು ಅಂತಾರೆ. ಮಳೆಗಾಲದಲ್ಲಿ ನದಿ ದಂಡೆ ಎಲ್ಲಿ ಕುಸಿದಿದೆ, ನೀರು ಎಷ್ಟನೇ ಮೆಟ್ಟಿಲಿಗೆ ಬಂದಿದೆ ಅಂತ ಮೇಲಿಂದ ಆ ಕ್ಷಣಕ್ಕೇ ನೋಡೋ ಹಾಗಾದರೆ ಒಳ್ಳೇದಲ್ವಾ? ಅದಕ್ಕೆ ಒಂದು ಡ್ರೋನ್ ಸಿದ್ಧ ಮಾಡ್ತಿದ್ದೆವು.

ನನ್ನ ಮೊದಲ ವಿನ್ಯಾಸ ಸರಳ. ಡ್ರೋನಿನಲ್ಲಿ ಕ್ಯಾಮೆರಾ, ಒಂದು ಪುಟ್ಟ ಕಂಪ್ಯೂಟರ್, ಮಾಮೂಲಿ ವೈಫೈ. ವಿಡಿಯೊ ಹೋಗೋದು ಟಿಸಿಪಿ ಮೇಲೆ. ಆಫೀಸಿನ ಕಾರಿಡಾರಿನಲ್ಲಿ ತೋರಿಸಿದಾಗ ಚಿತ್ರ ಗಾಜಿನ ಹಾಗೆ ಸ್ವಚ್ಛ, ಒಂದು ಚುಕ್ಕಿಯೂ ಒಡೆದಿಲ್ಲ. ಎಲ್ಲರೂ ಭೇಷ್ ಅಂದ್ರು. ನಾನೂ ಉಬ್ಬಿದೆ.

ಉತ್ತರಾಯಣದ ವಾರ ಸೂರತ್ತಿನ ಆಕಾಶ ತುಂಬಾ ಗಾಳಿಪಟ, ಮಾಂಜಾ ದಾರ. ಆಗ ಡ್ರೋನ್ ಹಾರಿಸೋ ಮಾತೇ ಇಲ್ಲ. ಅದು ಮುಗಿದ ಮೇಲೆ, ಜನವರಿ ಕೊನೆಯಲ್ಲಿ, ಕಾಮ್ರೇಜ್ ಕಡೆ ತಾಪಿ ದಂಡೆಗೆ ಹೋದೆವು. ನಮ್ಮ ಪೈಲಟ್ ಸೂರತ್ತಿನವರೇ, ನನಗಿಂತ ಹತ್ತು ವರ್ಷ ದೊಡ್ಡವರು. ನಾವೆಲ್ಲ ಅವರನ್ನ ಭಾಯಿ ಅಂತೀವಿ. ದಂಡೆಯುದ್ದಕ್ಕೂ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ, ತಗ್ಗಿನಲ್ಲಿ ಹಾರಿಸ್ತಿದ್ದರು. ಪರದೆಯಲ್ಲಿ ಒಂದು ಜಾಲಿ ಮರ ದೂರದಲ್ಲಿ ಕಾಣ್ತಿತ್ತು. ದೂರದಲ್ಲೇ ಇತ್ತು. ಇನ್ನೂ ದೂರದಲ್ಲೇ ಇತ್ತು. ಆಮೇಲೆ ಕೊಂಬೆ ಮುರಿದ ಸದ್ದು, ನೀರಿಗೆ ಏನೋ ಬಿದ್ದ ಸದ್ದು. ಪರದೆಯಲ್ಲಿ ಮರ ಹಾಗೇ ಸ್ವಚ್ಛವಾಗಿ, ದೂರದಲ್ಲೇ ನಿಂತಿತ್ತು.

ಡ್ರೋನ್ ಕಣ್ಣಳತೆಯಲ್ಲೇ ಇತ್ತು. ಅದನ್ನೇ ನೋಡ್ತಾ ಇರಬೇಕಾದವನು ನಾನು. ಆದರೆ ನಾನೂ ನನ್ನ ಚಂದದ ಚಿತ್ರವನ್ನೇ ನೋಡ್ತಿದ್ದೆ.

ಮಾರನೇ ದಿನದ ವರದಿಯಲ್ಲಿ "ಪೈಲಟ್ ತಪ್ಪು" ಅಂತ ಬರೆದಿದ್ದರು. ಭಾಯಿ ಹೇಳಿದ್ದು ಒಂದೇ ಮಾತು: "ಮೈನೆ ತೋ ಜೋ ದಿಖಾ, ವಹೀ ದೇಖ್ ಕೆ ಉಡಾಯಾ." ಕಂಡಿದ್ದನ್ನೇ ನೋಡಿ ಹಾರಿಸಿದೆ, ಅಷ್ಟೇ. ನಾನು ಆ ದಿನ ಸುಮ್ಮನಿದ್ದೆ. ಇದು ಹೇಳೋಕೆ ಈಗಲೂ ನಾಚಿಕೆ. ರಾತ್ರಿ ಗ್ರೌಂಡ್ ಸ್ಟೇಷನ್ನಿನ ಲಾಗ್ ತೆಗೆದು ನೋಡಿದೆ. ಡಿಕ್ಕಿ ಹೊಡೆದ ಕ್ಷಣ ಪರದೆಯಲ್ಲಿದ್ದ ಫ್ರೇಮಿಗೆ 3.8 ಸೆಕೆಂಡ್ ವಯಸ್ಸಾಗಿತ್ತು. ಲೆಕ್ಕ ಹಾಕಿ: 30 ಮೀಟರ್. ಭಾಯಿ ನೋಡ್ತಿದ್ದ ಜಾಗದಲ್ಲಿ ಡ್ರೋನ್ ಇರಲೇ ಇಲ್ಲ. ಬೆಳಿಗ್ಗೆ ಲಾಗ್ ಹಿಡಿದುಕೊಂಡು ಹೋಗಿ, ತಪ್ಪು ಪೈಲಟ್‌ದಲ್ಲ, ನನ್ನದು ಅಂತ ಹೇಳಿದೆ. ವರದಿ ಬದಲಾಯ್ತು.

ತಪ್ಪು ಎಲ್ಲಿ? ನಮ್ಮಲ್ಲಿ ಬಹಳ ಜನ ಸಾಫ್ಟ್‌ವೇರಿನವರು, ಆದರೂ ಬುಡದಿಂದಲೇ ಹೇಳ್ತೀನಿ. 1080ಪಿ ವಿಡಿಯೊ, ಸೆಕೆಂಡಿಗೆ 30 ಫ್ರೇಮ್. ಹಾಗೇ ಕಳಿಸಿದರೆ ಸೆಕೆಂಡಿಗೆ ಸುಮಾರು 750 ಮೆಗಾಬಿಟ್. ಅಷ್ಟನ್ನ ಗಾಳಿಯಲ್ಲಿ ಕಳಿಸೋಕಾಗಲ್ಲ. ಎಚ್.264 ಅದನ್ನ ಐದಾರು ಮೆಗಾಬಿಟ್‌ಗೆ ಇಳಿಸುತ್ತೆ. ಹೇಗೆ? ಆಗಾಗ ಒಂದು ಪೂರ್ತಿ ಚಿತ್ರ ಕಳಿಸುತ್ತೆ, ಉಳಿದಂತೆ ಹಿಂದಿನದಕ್ಕಿಂತ ಏನು ಬದಲಾಯ್ತು ಅನ್ನೋದನ್ನ ಮಾತ್ರ. ಅಂದ್ರೆ ನಡುವೆ ಒಂದು ತುಂಡು ಕಳೆದರೆ, ಮುಂದಿನ ಪೂರ್ತಿ ಚಿತ್ರ ಬರೋವರೆಗೆ ಎಲ್ಲವೂ ಹಾಳು.

ಟಿಸಿಪಿ ಇಲ್ಲಿ ಒಳ್ಳೆಯವನ ಹಾಗೆ ಬಂದು ಅನಾಹುತ ಮಾಡುತ್ತೆ. ಅದು ರಿಜಿಸ್ಟರ್ಡ್ ಪೋಸ್ಟ್ ಇದ್ದ ಹಾಗೆ. ಕಳೆದ ಪ್ಯಾಕೆಟ್ ಮತ್ತೆ ತರಿಸೋವರೆಗೆ ಹಿಂದೆ ಬಂದವುಗಳನ್ನೆಲ್ಲ ಬಾಗಿಲಲ್ಲೇ ಕೂರಿಸುತ್ತೆ. ಬ್ಯಾಂಕಿನ ಹಣಕ್ಕೆ ಅದು ಸರಿ. ಆದರೆ ಲೈವ್ ವಿಡಿಯೊ ಅಂದ್ರೆ ರೇಡಿಯೊದ ಕ್ರಿಕೆಟ್ ಕಾಮೆಂಟರಿ. ಒಂದು ಎಸೆತ ಕೇಳಿಸಲಿಲ್ಲ ಅಂದ್ರೆ ಅದನ್ನ ಬಿಟ್ಟು ಮುಂದಿನದನ್ನ ಕೇಳ್ತೀವಿ. ಕಾಮೆಂಟರಿಯವರನ್ನ ನಿಲ್ಲಿಸಲ್ಲ.

ದೂರದರ್ಶನದ ಕಾಲ ನೆನಪಿದೆಯಾ? ಒಬ್ಬರು ಹೆಂಚಿನ ಮೇಲೆ ಆಂಟೆನಾ ತಿರುಗಿಸೋದು, ಕೆಳಗಿನಿಂದ "ಬಂತು ಬಂತು, ಅಯ್ಯೋ ಹೋಯ್ತು" ಅಂತ ಕೂಗೋದು. ಸಿಗ್ನಲ್ ಕಮ್ಮಿಯಾದ್ರೆ ಪರದೆಗೆ ಇರುವೆ ಮುತ್ತಿದ ಹಾಗೆ ಚುಕ್ಕಿ. ಚಿತ್ರ ಕೆಟ್ಟರೂ ಅದು ಸುಳ್ಳು ಹೇಳ್ತಿರಲಿಲ್ಲ, ಕೆಟ್ಟಿದೆ ಅಂತ ನಮಗೆ ಗೊತ್ತಾಗ್ತಿತ್ತು. ಡಿಜಿಟಲ್ ಹಾಗಲ್ಲ. ಕೊನೇವರೆಗೂ ಚೆನ್ನಾಗಿದ್ದು, ತಟ್ಟಂತ ನಿಲ್ಲುತ್ತೆ. ನಿಂತ ಮೇಲೂ ಚೆನ್ನಾಗೇ ಕಾಣುತ್ತೆ!

ಹಾಗಾಗಿ ಮತ್ತೆ ಮೊದಲಿಂದ ಬರೆದೆ. ಟಿಸಿಪಿ ಹೋಯ್ತು. ಮಾಮೂಲಿ ವೈಫೈ ಸಂಪರ್ಕವೂ ಹೋಯ್ತು, ಯಾಕಂದ್ರೆ ಅದು ಒಮ್ಮೆ ಕಡಿದರೆ ಮತ್ತೆ ಕೈಕುಲುಕಿ ಸೇರೋಕೆ ಹಲವು ಸೆಕೆಂಡ್ ಹಿಡಿಯುತ್ತೆ. 2015ರ ಸುಮಾರಿಗೆ ಹವ್ಯಾಸಿಗಳಿಗಾಗಿ ವೈಫೈಬ್ರಾಡ್‌ಕಾಸ್ಟ್ ಅನ್ನೋ ಮುಕ್ತ ತಂತ್ರಾಂಶ ಬಂತು. ಅದರ ದಾರಿ ಬೇರೆ: ಡ್ರೋನ್ ಯಾರ ಉತ್ತರಕ್ಕೂ ಕಾಯದೆ ಆಕಾಶವಾಣಿ ಥರ ಪ್ರಸಾರ ಮಾಡ್ತಾ ಹೋಗುತ್ತೆ, ನೆಲದವರು ಸಿಕ್ಕಷ್ಟು ಹಿಡೀತಾರೆ. ಕಳೆದುಹೋಗೋದಕ್ಕೆ ಮೊದಲೇ ಪರಿಹಾರ ಕಟ್ಟಿ ಕಳಿಸ್ತೀವಿ. 8 ಪ್ಯಾಕೆಟ್‌ಗೆ 4 ಹೆಚ್ಚುವರಿ ಸೇರಿಸಿ 12 ಕಳಿಸಿದರೆ, ಅದರಲ್ಲಿ ಯಾವ 8 ತಲುಪಿದರೂ ಪೂರ್ತಿ ಮಾಹಿತಿ ವಾಪಸ್ ಕಟ್ಟಬಹುದು.

ಇನ್ನೆರಡು ಬದಲಾವಣೆ. ಪೂರ್ತಿ ಚಿತ್ರವನ್ನ ಒಮ್ಮೆಲೇ ಕಳಿಸೋ ಬದಲು ಪ್ರತಿ ಫ್ರೇಮಿನಲ್ಲೂ ಒಂದೊಂದು ಪಟ್ಟಿಯನ್ನ ಹೊಸದಾಗಿ ಕಳಿಸೋದು. ಇಡೀ ಮನೆಗೆ ಒಂದೇ ದಿನ ಸುಣ್ಣ ಹೊಡೆಯೋ ಬದಲು ದಿನಕ್ಕೊಂದು ಗೋಡೆ ಮುಗಿಸಿದ ಹಾಗೆ. ಚಿತ್ರ ಹರಿದರೂ ಬೇಗ ಮಾಯುತ್ತೆ. ಎರಡನೆಯದು ನದಿ ಕಲಿಸಿದ್ದು. ನೀರಿನ ಮೈ ರೇಡಿಯೊ ಅಲೆಗೆ ಕನ್ನಡಿ. ನೇರವಾಗಿ ಬಂದ ಅಲೆ, ನೀರಿಗೆ ಬಡಿದು ಬಂದ ಅಲೆ ಎರಡೂ ಒಂದನ್ನೊಂದು ಅಳಿಸಿಕೊಳ್ಳೋ ಜಾಗಗಳಿರ್ತವೆ. ಅದಕ್ಕೆ ನೆಲದಲ್ಲಿ ಬೇರೆ ಬೇರೆ ಎತ್ತರಕ್ಕೆ ಎರಡು ಆಂಟೆನಾ ಇಟ್ಟೆವು. ಒಂದಕ್ಕೆ ಸಿಗದ ಪ್ಯಾಕೆಟ್ ಇನ್ನೊಂದಕ್ಕೆ ಸಿಗುತ್ತೆ.

ತಡ ಎಷ್ಟು ಅಂತ ಅಳೆಯೋಕೆ ದೊಡ್ಡ ಉಪಕರಣ ಬೇಡ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಡ್ರೋನ್ ಕ್ಯಾಮೆರಾ ಮುಂದೆ ಹಿಡೀರಿ. ಆ ಮೊಬೈಲ್ ಮತ್ತು ಗ್ರೌಂಡ್ ಸ್ಟೇಷನ್ ಪರದೆ ಎರಡೂ ಬರೋ ಹಾಗೆ ಒಂದು ಫೋಟೊ ತೆಗೀರಿ. ಎರಡು ಸಂಖ್ಯೆಗಳ ವ್ಯತ್ಯಾಸವೇ ನಿಮ್ಮ ತಡ. ನಮ್ಮದು ಈಗ 140 ಮಿಲಿಸೆಕೆಂಡ್ ಆಸುಪಾಸು. ಚಿತ್ರ ಮೊದಲಿನಷ್ಟು ಚಂದ ಇಲ್ಲ, ಅಲ್ಲಲ್ಲಿ ಚೌಕ ಚೌಕ ಒಡೆಯುತ್ತೆ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಹತ್ತು ಸಾಲಿನ ಕೋಡ್. ಪರದೆಯ ಮೂಲೆಯಲ್ಲಿ ಈಗ ಚಿತ್ರದ ವಯಸ್ಸು ಬರುತ್ತೆ. ಅರ್ಧ ಸೆಕೆಂಡ್ ದಾಟಿದರೆ ಸುತ್ತ ಕೆಂಪು ಅಂಚು, ಜೊತೆಗೆ ಬಜರ್. ಒಂದು ಸೆಕೆಂಡ್ ದಾಟಿದರೆ ಚಿತ್ರವನ್ನೇ ಬೂದು ಮಾಡಿಬಿಡ್ತೀವಿ. ಪೈಲಟ್ ಡ್ರೋನನ್ನ ಇದ್ದಲ್ಲೇ ನಿಲ್ಲಿಸಿ, ಕಣ್ಣೆತ್ತಿ ನೋಡಬೇಕು. ಆ ಸಂಖ್ಯೆ ಎಲ್ಲಿ ಕಾಣಬೇಕು, ಬಜರ್ ಎಷ್ಟು ಜೋರಾಗಿರಬೇಕು ಅಂತ ತೀರ್ಮಾನಿಸಿದ್ದು ನಾನಲ್ಲ, ಭಾಯಿ.

ನನ್ನ ಅವ್ವ ವಿಡಿಯೊ ಕಾಲ್‌ನಲ್ಲಿ ಆಗಾಗ, "ನಿನ್ನ ಮುಖ ನಿಂತುಬಿಟ್ಟೈತಿ, ದನಿ ಅಷ್ಟ ಬರಾಕತ್ತೈತಿ" ಅಂತಾಳೆ. ದನಿ ಬರೋದ್ರಿಂದ ಮುಖ ಹಳೇದು ಅಂತ ಅವಳಿಗೆ ಗೊತ್ತಾಗುತ್ತೆ. ದನಿ ಇಲ್ಲದ ಡ್ರೋನ್ ಪರದೆಯ ಮುಂದೆ ಕೂತವರಿಗೆ ಅದನ್ನ ನಾವೇ ಹೇಳಬೇಕು. ನಾಳೆ ತಾಪಿ ಉಕ್ಕಿದ ರಾತ್ರಿ, ನಿಂತುಹೋದ ಚಿತ್ರದಲ್ಲಿ ನೀರು ಇನ್ನೂ ಕೆಳಗಿನ ಮೆಟ್ಟಿಲಲ್ಲೇ ಇದ್ದರೆ, ಅದನ್ನ ನಂಬಿ ಯಾರೋ ನಿಶ್ಚಿಂತೆಯಿಂದ ಕೂತಿರ್ತಾರೆ.

ನೀವು ಮಾಡೋದು ಡ್ರೋನ್ ಅಲ್ಲದೇ ಇರಬಹುದು. ಡ್ಯಾಶ್‌ಬೋರ್ಡ್ ಇರಬಹುದು, ಆಸ್ಪತ್ರೆಯ ಮಾನಿಟರ್ ಇರಬಹುದು. ಅಲ್ಲಿ ತೋರಿಸೋ ಸಂಖ್ಯೆಯ ಪಕ್ಕದಲ್ಲಿ ಅದರ ವಯಸ್ಸನ್ನೂ ತೋರಿಸಿ. ಇಷ್ಟೇ ನನ್ನ ಕೋರಿಕೆ.