ಹೆಸರು ಕೇಳುವ ಕಿಟಕಿ



ಹಣ ಕಟ್ಟದೆ ತೆರೆಯದ ವೈಫೈಯಲ್ಲೂ ಕಂಪ್ಯೂಟರ್ ಒಂದು ಪ್ರಶ್ನೆ ಕೇಳಬಹುದು: ‘ಈ ಹೆಸರಿನ ತಾಣದ ವಿಳಾಸವೇನು?’ ಇದಕ್ಕೆ ಉತ್ತರಿಸುವ ವ್ಯವಸ್ಥೆಯೇ ಡಿಎನ್‌ಎಸ್. ಅನೇಕ ಜಾಲಗಳು ಈ ಕಿಟಕಿಯನ್ನು ಮುಚ್ಚುವುದಿಲ್ಲ.

ಒಂದು ಹೆಸರು 253 ಅಕ್ಷರಗಳವರೆಗೆ ಇರಬಹುದು. ಆ ಅಕ್ಷರಗಳಲ್ಲೇ ಮಾಹಿತಿಯನ್ನು ಅಡಗಿಸಿ, ತನ್ನದೇ ಸರ್ವರ್‌ಗೆ ಸೇರಿದ ಹೆಸರನ್ನು ಕೇಳಿದರೆ ಸಾಕು. ಸ್ಥಳೀಯ ಸರ್ವರ್ ಅಂಚೆಯವನಂತೆ ಪ್ರಶ್ನೆಯನ್ನು ಹೊತ್ತೊಯ್ಯುತ್ತದೆ, ಉತ್ತರದಲ್ಲಿ ಬೇಕಾದ ಪುಟದ ಚೂರು ಮರಳುತ್ತದೆ. 2004ರಲ್ಲಿ ಡ್ಯಾನ್ ಕಮಿನ್ಸ್ಕಿ ಇದನ್ನು ಮಾಡಿ ತೋರಿಸಿದರು. ವೇಗ ಮಾತ್ರ ಎತ್ತಿನ ಗಾಡಿಯದು!

ಚಪ್ಪಾಳೆಗೆ ಅವಸರಪಡಬೇಡಿ. 2016ರಲ್ಲಿ ಪತ್ತೆಯಾದ ಮಲ್ಟಿಗ್ರೇನ್ ಎಂಬ ಕಳ್ಳ ತಂತ್ರಾಂಶ ಅಂಗಡಿಗಳ ಕಾರ್ಡ್ ಸಂಖ್ಯೆಗಳನ್ನು ಇದೇ ಕಿಟಕಿಯಿಂದ ಹೊರಸಾಗಿಸುತ್ತಿತ್ತು. ಅರ್ಥವಿಲ್ಲದ ಉದ್ದುದ್ದ ಹೆಸರುಗಳು ಸಾವಿರಗಟ್ಟಲೆ ಒಂದೇ ಕಡೆಗೆ ಹೋಗುವುದನ್ನು ಜಾಲದ ಮೇಲ್ವಿಚಾರಕರು ಗುರುತಿಸಬಲ್ಲರು. ಆ ದಾಖಲೆಯಲ್ಲಿ ಪಾಠದ ಪುಟ ತೆರೆದ ಹಾಸ್ಟೆಲ್ ಹುಡುಗನೂ ಕಾರ್ಡ್ ಕದ್ದವನೂ ಒಂದೇ ತರಹ ಕಾಣುತ್ತಾರೆ.