ಕೆಸುವಿನ ಗುಂಡಿಯಿಂದ ವಿಶ್ವ ನ್ಯಾಯಾಲಯಕ್ಕೆ



ಪೆಸಿಫಿಕ್ ಸಾಗರದ ತಗ್ಗಿನ ಹವಳದ ದ್ವೀಪಗಳಲ್ಲಿ ಕೆಸುವಿನ ಗೆಡ್ಡೆ ಒಂದು ಮುಖ್ಯ ಆಹಾರ. ಸಮುದ್ರ ಮಟ್ಟ ಏರಿದಂತೆ ಉಪ್ಪುನೀರು ಕೆಸುವಿನ ಗುಂಡಿಗಳಿಗೆ ನುಗ್ಗಿ ಬೆಳೆ ಹಾಳಾಗುತ್ತಿದೆ. ಸವಳು ಭೂಮಿಯ ಕಷ್ಟ ಬಲ್ಲ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

2019ರಲ್ಲಿ ವನುವಾಟುವಿನಲ್ಲಿ ಓದುತ್ತಿದ್ದ 27 ಕಾನೂನು ವಿದ್ಯಾರ್ಥಿಗಳು ಈ ವಿಷಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದಿಡುವಂತೆ ಪೆಸಿಫಿಕ್ ಸರ್ಕಾರಗಳಿಗೆ ಪತ್ರ ಬರೆದರು. ಅಲ್ಲಿಗೆ ಅವರೇ ನೇರವಾಗಿ ಹೋಗುವಂತಿರಲಿಲ್ಲ. ವನುವಾಟು ಸರ್ಕಾರ ಮುಂದೆ ಬಂದಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಒಮ್ಮತದಿಂದ ಒಪ್ಪಿತು. 2025ರ ಜುಲೈ 23ರಂದು ನ್ಯಾಯಾಲಯವು ಸರ್ವಾನುಮತದ ಅಭಿಪ್ರಾಯ ನೀಡಿತು: ಹವಾಮಾನವನ್ನು ರಕ್ಷಿಸುವುದು ಸರ್ಕಾರಗಳ ಕಾನೂನುಬದ್ಧ ಕರ್ತವ್ಯ, ಖಾಸಗಿ ಕಂಪನಿಗಳು ಹೊರಬಿಡುವ ಅನಿಲಗಳಿಗೆ ಮಿತಿ ಹಾಕದೆ ಬಿಟ್ಟರೂ ಸರ್ಕಾರ ಹೊಣೆಯಾಗಬಹುದು.

ಇದು ಸಲಹೆಯೇ ಹೊರತು ಆಜ್ಞೆಯಲ್ಲ. ಗುಂಡಿಯ ಉಪ್ಪು ಇದರಿಂದ ಇಳಿಯದು. ಆದರೆ ನ್ಯಾಯ ಕೇಳುವವರಿಗೆ ಆಧಾರವೊಂದು ದೊರೆತಿದೆ.

ಬರಹದಲ್ಲಿ, ಸರಿಯಾದ ಕಡೆ ಕೇಳಿದ್ದೇ ಆ ವಿದ್ಯಾರ್ಥಿಗಳ ಬಲ. ನಮ್ಮ ಯುವಕ ಸಂಘಗಳೂ ಮಳೆ, ಬಾವಿಯ ನೀರಿನ ಮಟ್ಟ, ಬೆಳೆನಷ್ಟಗಳನ್ನು ದಿನಾಂಕ ಸಹಿತ ಬರೆದಿಟ್ಟು ಗ್ರಾಮಸಭೆಯ ಮುಂದಿಡಲಿ. ಬಾಯಿಮಾತಿನ ದೂರಿಗಿಂತ ದಾಖಲೆಯಿರುವ ಮನವಿಗೆ ತೂಕ ಹೆಚ್ಚು. ವಿಸ್ತರಣಾ ಕಾರ್ಯಕರ್ತರು ಇದಕ್ಕೆ ನೆರವಾಗಬೇಕು.