ಅನಾಥ ಬಾಲಕಿಗೆ ಬೇಕಾದುದು ಅನ್ನವೊಂದೇ ಅಲ್ಲ



ಯತೀಮ್ ಮಕ್ಕಳಿಗೆ ಅನ್ನ, ಬಟ್ಟೆ ಕೊಡುವುದು ಪುಣ್ಯದ ಕೆಲಸವೆಂದು ನಾವೆಲ್ಲರೂ ಬಲ್ಲೆವು. ಆದರೆ ಅಷ್ಟಕ್ಕೇ ನಮ್ಮ ಹೊಣೆ ಮುಗಿಯಿತೇ? ಈ ಪ್ರಶ್ನೆಗೆ ಎರಡು ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಉತ್ತರವಿದೆ.

ಮೊದಲನೆಯದು, ಇಂಗ್ಲೆಂಡಿನ ಶಾರ್ಲೆಟ್ ಬ್ರಾಂಟೆ 1847ರಲ್ಲಿ ಪ್ರಕಟಿಸಿದ ‘ಜೇನ್ ಐರ್’. ತಂದೆತಾಯಿಯಿಲ್ಲದ ಜೇನ್‌ಳನ್ನು ಆಕೆಯ ಅತ್ತೆ, ದಾನಿಗಳ ಹಣದಿಂದ ನಡೆಯುವ ಲೋವುಡ್ ಶಾಲೆಗೆ ಕಳಿಸಿಬಿಡುತ್ತಾಳೆ. ಅಲ್ಲಿ ಚಳಿ, ಹಸಿವು, ಸೀದ ಗಂಜಿ. ಶಾಲೆಯ ಆಡಳಿತಗಾರ ಆ ಹತ್ತು ವರ್ಷದ ಹುಡುಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಸುಳ್ಳುಗಾರ್ತಿಯೆಂದು ಎಲ್ಲರೆದುರು ಸಾರುತ್ತಾನೆ. ಮುಖ್ಯೋಪಾಧ್ಯಾಯಿನಿ ಮಿಸ್ ಟೆಂಪಲ್ ಮಾತ್ರ ಜೇನ್‌ಳ ಮಾತನ್ನೂ ಕೇಳುತ್ತಾರೆ. ಪತ್ರ ಬರೆದು ವಿಚಾರಿಸಿ, ಅವಳದು ತಪ್ಪಿಲ್ಲವೆಂದು ಇಡೀ ಶಾಲೆಗೆ ತಿಳಿಸುತ್ತಾರೆ. ಮುಂದೆ ಜೇನ್ ಆರು ವರ್ಷ ಅಲ್ಲಿಯೇ ಓದಿ, ಎರಡು ವರ್ಷ ಶಿಕ್ಷಕಿಯಾಗುತ್ತಾಳೆ. ಆನಂತರ ತಾನೇ ಪತ್ರಿಕೆಗೆ ಜಾಹೀರಾತು ಕೊಟ್ಟು, ವರ್ಷಕ್ಕೆ 30 ಪೌಂಡ್ ಸಂಬಳದ ಕೆಲಸ ಹಿಡಿಯುತ್ತಾಳೆ. ಲೋವುಡ್‌ನಲ್ಲಿ ಸಿಗುತ್ತಿದ್ದುದರ ಎರಡರಷ್ಟು!

ಇದು ಬರೀ ಕಲ್ಪನೆಯಲ್ಲ. ಬ್ರಾಂಟೆಯವರು ಬಾಲ್ಯದಲ್ಲಿ ಓದಿದ ಕೋವನ್ ಬ್ರಿಜ್ ಶಾಲೆಯಲ್ಲಿ ಕಾಯಿಲೆ ಬಿದ್ದ ಅವರ ಇಬ್ಬರು ಅಕ್ಕಂದಿರು 1825ರಲ್ಲಿ ತೀರಿಕೊಂಡರು.

ಎರಡನೆಯದು, ಕೆನಡಾದ ಎಲ್. ಎಂ. ಮಾಂಟ್ಗೊಮರಿಯವರ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ (1908). ಹೊಲದ ಕೆಲಸಕ್ಕೆ ಗಂಡು ಹುಡುಗ ಬೇಕೆಂದಿದ್ದ ಅಣ್ಣ-ತಂಗಿ ಮ್ಯಾಥ್ಯೂ, ಮರಿಲ್ಲಾ ಅವರ ಮನೆಗೆ ತಪ್ಪಿ ಬಂದವಳು ಹನ್ನೊಂದರ ಆ್ಯನ್. ಅವಳನ್ನು ಉಳಿಸಿಕೊಂಡ ಮರಿಲ್ಲಾ, ಅಗತ್ಯ ಬೀಳಲಿ ಬಿಡಲಿ, ಹೆಣ್ಣು ಮಗಳು ದುಡಿದು ಬದುಕಬಲ್ಲವಳಾಗಬೇಕೆಂದು ನಂಬಿದಾಕೆ. ಆ ನಂಬಿಕೆಯಿಂದಲೇ ಅವಳನ್ನು ಶಿಕ್ಷಕರ ತರಬೇತಿಗೆ ಕಳಿಸುತ್ತಾಳೆ. ಮುಂದೆ ಬ್ಯಾಂಕು ಮುಳುಗಿ, ಮ್ಯಾಥ್ಯೂ ತೀರಿಹೋಗಿ, ಮರಿಲ್ಲಾಳ ದೃಷ್ಟಿ ಮಂಜಾದಾಗ ಮನೆ ಮಾರಬೇಕಾದ ಸ್ಥಿತಿ ಬರುತ್ತದೆ. ಆಗ ಆ್ಯನ್ ತನಗೆ ದೊರೆತ ಕಾಲೇಜು ವಿದ್ಯಾರ್ಥಿವೇತನವನ್ನು ಬಿಟ್ಟು, ಊರಿನ ಶಾಲೆಯ ಶಿಕ್ಷಕಿಯಾಗಿ ಆ ಮನೆಯನ್ನು ಉಳಿಸುತ್ತಾಳೆ. ಸಾಕಿದವರಿಗೆ ಆಸರೆಯಾದದ್ದು ಸಾಕಲ್ಪಟ್ಟ ಹುಡುಗಿ!

ಹಿರಿಯರೇ, ಮಿಸ್ ಟೆಂಪಲ್ ಮತ್ತು ಮರಿಲ್ಲಾ ಕೊಟ್ಟದ್ದು ಬರೀ ಆಶ್ರಯವನ್ನಲ್ಲ. ಒಬ್ಬರು ಮಗುವಿನ ಮಾತಿಗೆ ಬೆಲೆ ಕೊಟ್ಟರು, ಇನ್ನೊಬ್ಬರು ದುಡಿಮೆಯ ದಾರಿ ತೋರಿದರು. ನಾವು ಹೆಣ್ಣು ಮಗುವೊಂದಕ್ಕೆ ಪುಸ್ತಕ, ಸಮವಸ್ತ್ರ ಕೊಡುವಾಗ ಎರಡು ಮಾತು ಕೇಳೋಣ: ‘ನೀನು ಏನಾಗಬಯಸುತ್ತೀಯಮ್ಮಾ? ಅಲ್ಲಿಯವರೆಗೆ ಓದಿಸಲು ಏನು ಬೇಕು?’ ಎಸ್.ಎಸ್.ಎಲ್.ಸಿ.ಗೇ ಕೈ ಬಿಟ್ಟರೆ ನಮ್ಮ ನೆರವು ಅರ್ಧ ದಾರಿಗೇ ನಿಂತಂತೆ.

ವಿದ್ಯಾರ್ಥಿನಿಯರೇ, ನೆರವು ಪಡೆದೆನೆಂದು ತಲೆ ತಗ್ಗಿಸಬೇಡಿ. ಓದಿ, ನಿಮ್ಮ ಕಾಲ ಮೇಲೆ ನಿಂತು, ಮುಂದೆ ಇನ್ನೊಬ್ಬ ಹುಡುಗಿಯ ಕೈ ಹಿಡಿಯಿರಿ.